ನೇರಳೆ ಗೆಡ್ಡೆಯ ಮಿಲ್ಕ್ ಟೀ: ಆ ಬಣ್ಣ ಗೆಡ್ಡೆಯದೋ, ಡಬ್ಬಿಯದೋ? ಮನೆಯಲ್ಲಿ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗಾಜಿನ ಲೋಟದಲ್ಲಿ ತಿಳಿ ನೇರಳೆ ಬಣ್ಣದ ಹಾಲು, ತಳದಲ್ಲಿ ಕಪ್ಪು ಗುಂಡುಗಳು, ಮೇಲೊಂದು ದಪ್ಪ ಸ್ಟ್ರಾ. ‘ಟಾರೊ ಮಿಲ್ಕ್ ಟೀ’ ಎಂಬ ಈ ಪಾನೀಯ ಮಾಲ್‌ಗಳಿಂದ ಈಗ ಮೊಬೈಲ್‌ಗಳಿಗೂ ಬಂದಿದೆ. ಅರ್ಧ ನಿಮಿಷದ ವಿಡಿಯೊಗಳ ಜೊತೆಗೆ ಮೂರು ಬಗೆಯ ಮಾತುಗಳು ಹರಿದಾಡುತ್ತವೆ. ಒಂದು, ‘ಟಾರೊ ಎಂದರೆ ನಮ್ಮ ಕೆಸುವಿನ ಗೆಡ್ಡೆಯೇ, ಮಿಕ್ಸಿಗೆ ಹಾಕಿ ಹಾಲು ಬೆರೆಸಿದರೆ ಮುಗಿಯಿತು.’ ಎರಡು, ‘ನೇರಳೆ ಬಣ್ಣವೇ ಔಷಧ, ಸಕ್ಕರೆ ಕಾಯಿಲೆಗೂ ಕ್ಯಾನ್ಸರ್‌ಗೂ ರಾಮಬಾಣ.’ ಮೂರು, ‘ಆ ಗುಂಡುಗಳು ಪ್ಲಾಸ್ಟಿಕ್.’

ಮೂರರಲ್ಲಿ ಮೊದಲನೆಯದು ಅರ್ಧ ನಿಜ. ಅದು ಬಿಟ್ಟಿರುವ ಇನ್ನರ್ಧವೇ ಗಂಟಲಿಗೆ ತೊಂದರೆ ತರುವಂಥದ್ದು. ಉಳಿದೆರಡನ್ನೂ ಒಂದೊಂದಾಗಿ ನೋಡೋಣ. ಜೊತೆಗೆ ಮನೆಯಲ್ಲಿ ಸುರಕ್ಷಿತವಾಗಿ, ನಿಜವಾದ ಗೆಡ್ಡೆಯಿಂದಲೇ ಈ ಪಾನೀಯ ಮಾಡುವುದು ಹೇಗೆ ಎಂಬುದನ್ನೂ ತಿಳಿಯೋಣ.

ಒಂದೇ ಬಣ್ಣ, ಮೂರು ಬೇರೆ ಬೇರೆ ಗೆಡ್ಡೆ

‘ನೇರಳೆ ಗೆಡ್ಡೆ’ ಎಂಬ ಹೆಸರಿನಡಿ ಮೂರು ಗೆಡ್ಡೆಗಳು ಕಲಸಿಹೋಗಿವೆ. ಇವು ಒಂದೇ ಕುಟುಂಬಕ್ಕೂ ಸೇರಿದವಲ್ಲ.

ಮೊದಲನೆಯದು ಟಾರೊ, ಅಂದರೆ ಕೆಸುವಿನ ಗೆಡ್ಡೆ. ಕೆಲವು ಕಡೆ ಇದನ್ನೇ ಶಾಮೆಗೆಡ್ಡೆ ಎನ್ನುತ್ತಾರೆ. ಪತ್ರೊಡೆಗೆ ಎಲೆ ಕೊಡುವುದೂ ಇದೇ ಗಿಡ. ತೈವಾನಿನಲ್ಲಿ ಮಿಲ್ಕ್ ಟೀಗೆ ಬಳಸುವುದು ಇದರದೇ ಒಂದು ದೊಡ್ಡ ತಳಿ. ಅಲ್ಲಿ ಆ ತಳಿಯ ಹೆಸರಿನಲ್ಲಿ ‘ಅಡಿಕೆ’ ಎಂಬ ಪದವಿದೆ. ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಬಿಳಿ ತಿರುಳಿನಲ್ಲಿ ನೇರಳೆ ನರಗಳು ಹರಡಿಕೊಂಡು, ಥೇಟ್ ಅಡಿಕೆಯ ಹೋಳಿನಂತೆಯೇ ಕಾಣುತ್ತದೆ.

ಎರಡನೆಯದು ಊಬೆ. ಇದು ಫಿಲಿಪ್ಪೀನ್ಸಿನ ನೇರಳೆ ಗೆಣಸು. ಮರಕ್ಕೆ ಹಬ್ಬುವ ಬಳ್ಳಿಯ ಬುಡದಲ್ಲಿ ಬೆಳೆಯುತ್ತದೆ, ತಿರುಳೆಲ್ಲ ಗಾಢ ನೇರಳೆ. ಅಲ್ಲಿ ಇದನ್ನು ಬೇಯಿಸಿ, ಅರೆದು, ಹಾಲು ಸಕ್ಕರೆಯೊಂದಿಗೆ ಕಾಯಿಸಿ ‘ಊಬೆ ಹಲಾಯ’ ಎಂಬ ಹಲ್ವದಂಥ ಸಿಹಿ ಮಾಡುತ್ತಾರೆ. ಇದೇ ಜಾತಿಯ ಗೆಣಸು ನಮಗೂ ಹೊಸದಲ್ಲ. ನಮ್ಮ ಕರಾವಳಿಯಲ್ಲಿ ತೂಣಗೆಣಸು, ಕೇರಳದಲ್ಲಿ ಕಾಚಿಲ್. ಗುಜರಾತಿನವರ ಉಂಧಿಯುವಿಗೆ ಬೀಳುವ ನೇರಳೆ ರತಾಳುವೂ ಇದೇ. ಒಂದೇ ಜಾತಿಯಾದರೂ ಕೆಲವು ತಳಿಗಳ ತಿರುಳು ಬಿಳಿ, ಕೆಲವುಗಳದು ನೇರಳೆ.

ಮೂರನೆಯದು ನೇರಳೆ ತಿರುಳಿನ ಸಿಹಿಗೆಣಸು. ಜಪಾನಿನ ಒಕಿನಾವ ದ್ವೀಪಗಳಲ್ಲಿ ಇದಕ್ಕೆ ‘ಬೆನಿ ಇಮೊ’ ಎಂದು ಹೆಸರು. ನಮ್ಮಲ್ಲಿ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಭೂ ಕೃಷ್ಣ’ ಎಂಬ ನೇರಳೆ ತಿರುಳಿನ ಸಿಹಿಗೆಣಸಿನ ತಳಿಯನ್ನು ಬಿಡುಗಡೆ ಮಾಡಿದೆ. ಗಮನಿಸಿ: ಸಂತೆಯಲ್ಲಿ ಸಾಮಾನ್ಯವಾಗಿ ಸಿಗುವ ಕೆಂಪು ಸಿಪ್ಪೆಯ ಸಿಹಿಗೆಣಸಿನ ಒಳಗೆ ಬಿಳಿ ತಿರುಳೇ ಇರುತ್ತದೆ. ಸಿಪ್ಪೆಯ ಬಣ್ಣ ನೋಡಿ ಕೊಳ್ಳಬೇಡಿ, ತುದಿ ಮುರಿದು ನೋಡಿ.

ಇವಲ್ಲದೆ ‘ಪರ್ಪಲ್ ಟೀ’ ಎಂಬ ಇನ್ನೊಂದು ಹೆಸರೂ ಕೇಳಿಬರುತ್ತದೆ. ಅದು ಕೆನ್ಯಾದಲ್ಲಿ ಬೆಳೆಯುವ, ಎಲೆಯೇ ನೇರಳೆ ಬಣ್ಣವಿರುವ ಚಹಾ ಗಿಡದ್ದು. ಗೆಡ್ಡೆಗೂ ಅದಕ್ಕೂ ಸಂಬಂಧವಿಲ್ಲ. ನಿಂಬೆ ಹಿಂಡಿದಾಗ ನೀಲಿಯಿಂದ ನೇರಳೆಗೆ ತಿರುಗುವ ಚಹಾ ಶಂಖಪುಷ್ಪದ್ದು. ಅದೂ ಬೇರೆಯೇ.

ಕೆಸುವಿನ ಗೆಡ್ಡೆಯಿಂದ ಅಷ್ಟು ನೇರಳೆ ಬಣ್ಣ ಬರುತ್ತದೆಯೇ?

ಇಲ್ಲ. ಕೆಸುವಿನ ಗೆಡ್ಡೆಯಲ್ಲಿ ನೇರಳೆ ಬಣ್ಣ ಇದ್ದರೂ ಅದು ತೆಳು ನರಗಳಲ್ಲಿ ಮಾತ್ರ. ತಿರುಳಿನ ಬಹುಭಾಗ ಬಿಳಿ ಪಿಷ್ಟ. ಬೇಯಿಸಿ ಅರೆದಾಗ ಸಿಗುವುದು ಬೂದಿ ಮಿಶ್ರಿತ ಬಿಳಿ ಬಣ್ಣ, ಹೆಚ್ಚೆಂದರೆ ಮಾಸಲು ನೇರಳೆಯ ಒಂದು ಛಾಯೆ. ಅದಕ್ಕೆ ಹಾಲು ಬಿದ್ದರೆ ಇನ್ನೂ ಪೇಲವವಾಗುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ ಸಣ್ಣ ಕೆಸುವಿನ ಗೆಡ್ಡೆಗಳಲ್ಲಿ ಎಷ್ಟೋ ಸಲ ಆ ನರಗಳೂ ಕಾಣುವುದಿಲ್ಲ.

ಹಾಗಾದರೆ ಅಂಗಡಿಯ ಲೋಟದಲ್ಲಿರುವ ಹೊಳೆಯುವ ನೇರಳೆ ಎಲ್ಲಿಂದ ಬಂತು? ಎರಡು ದಾರಿಗಳಿವೆ. ಊಬೆ ಅಥವಾ ನೇರಳೆ ಸಿಹಿಗೆಣಸನ್ನು ಸೇರಿಸಿರಬಹುದು. ಇಲ್ಲವೇ ‘ಟಾರೊ ಫ್ಲೇವರ್’ ಎಂಬ ಪುಡಿ ಬಳಸಿರಬಹುದು. ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಕ್ಕರೆ, ಹಾಲಿಲ್ಲದ ಕ್ರೀಮರ್, ಪರಿಮಳ ಮತ್ತು ಬಣ್ಣ. ಕೆಲವದರಲ್ಲಿ ಗೆಡ್ಡೆಯ ಅಂಶ ಸ್ವಲ್ಪ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರು ಸಕ್ಕರೆಯದಾಗಿದ್ದರೆ ಅದರಲ್ಲಿ ಸಕ್ಕರೆಯೇ ಎಲ್ಲಕ್ಕಿಂತ ಹೆಚ್ಚು ಎಂದರ್ಥ.

ಫಿಲಿಪ್ಪೀನ್ಸಿನಲ್ಲೂ ಈ ಬಣ್ಣದ ಪ್ರಶ್ನೆ ಎದ್ದಿತ್ತು. ಬಾಗಿಯೊ ನಗರದ ಗುಡ್ ಶೆಫರ್ಡ್ ಕಾನ್ವೆಂಟ್ ಊಬೆ ಜಾಮ್‌ಗೆ ಹೆಸರುವಾಸಿ. ಕೆಲವು ವರ್ಷಗಳ ಹಿಂದೆ ನೇರಳೆ ಊಬೆ ಸಾಕಷ್ಟು ಸಿಗದೇ ಹೋದಾಗ ಅಲ್ಲಿನ ಸನ್ಯಾಸಿನಿಯರು ಬಿಳಿ ಊಬೆಯಿಂದಲೇ ಜಾಮ್ ಮಾಡಿದರು. ಬಣ್ಣ ಬೆರೆಸಿ ಮರೆಮಾಚದೆ, ಜಾಮ್ ಈ ಸಲ ಬೆಳ್ಳಗಿದೆ ಎಂದು ಹೇಳಿಯೇ ಮಾರಿದರು. ಗೆಡ್ಡೆಯ ಬಣ್ಣ ತಳಿ, ಮಣ್ಣು, ಹವಾಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ವರ್ಷವಿಡೀ ಒಂದೇ ಸಮನೆ ಮಿನುಗುವುದು ಡಬ್ಬಿಯ ಬಣ್ಣ ಮಾತ್ರ.

ಹಸಿ ಗೆಡ್ಡೆಯನ್ನು ಮಿಕ್ಸಿಗೆ ಹಾಕಬಹುದೇ?

ಖಂಡಿತ ಬೇಡ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕೆಸುವಿನ ಗೆಡ್ಡೆ, ದಂಟು, ಎಲೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಎರಡೂ ತುದಿ ಚೂಪಾದ ಸೂಜಿಗಳಂತೆ, ಕಟ್ಟುಕಟ್ಟಾಗಿ ಕಾಣುತ್ತವೆ. ಹಸಿಯಾಗಿ ಅಗಿದಾಗ ಅಥವಾ ರುಬ್ಬಿ ಕುಡಿದಾಗ ಈ ಸೂಜಿಗಳು ತುಟಿ, ನಾಲಿಗೆ, ಗಂಟಲಿನ ಮೃದು ಚರ್ಮಕ್ಕೆ ಚುಚ್ಚುತ್ತವೆ. ಚುಚ್ಚುವುದಷ್ಟೇ ಅಲ್ಲ, ಅವುಗಳ ಜೊತೆಗಿರುವ ಒಂದು ಬಗೆಯ ಪ್ರೋಟೀನು ಗಾಯದೊಳಗೆ ಸೇರಿ ತುರಿಕೆ, ಉರಿ, ಊತ ತರುತ್ತದೆ. ಮಿಕ್ಸಿ ಎಷ್ಟೇ ನುಣ್ಣಗೆ ಅರೆದರೂ ಇಷ್ಟು ಚಿಕ್ಕ ಸೂಜಿಗಳು ಉಳಿದೇ ಉಳಿಯುತ್ತವೆ. ಹಸಿಯಾಗಿ ಅರೆದು ಹಾಲಿನಲ್ಲಿ ಕಲಸಿದರೆ ಇನ್ನೂ ಕೆಟ್ಟದ್ದು. ಅಗಿಯುವಾಗಲೇ ತುರಿಸಿದರೆ ಉಗಿದುಬಿಡಬಹುದು. ಸಿಹಿ ಪಾನೀಯವಾದರೆ ಗೊತ್ತಾಗುವಷ್ಟರಲ್ಲಿ ಅರ್ಧ ಲೋಟ ಗಂಟಲು ದಾಟಿರುತ್ತದೆ. ಮಕ್ಕಳ ಪಾಲಿಗೆ ಇದು ಹೆಚ್ಚು ಅಪಾಯ.

ಬೇಯಿಸಿದರೆ ಸೂಜಿಗಳು ಕರಗುತ್ತವೆಯೇ? ಪೂರ್ತಿಯಾಗಿ ಇಲ್ಲ. ಆದರೆ ಶಾಖಕ್ಕೆ ಆ ಪ್ರೋಟೀನು ಕೆಡುತ್ತದೆ, ಪಿಷ್ಟ ಅಂಟಾಗಿ ಸೂಜಿಗಳನ್ನು ಸುತ್ತಿಕೊಳ್ಳುತ್ತದೆ. ಹಾಗಾಗಿ ಚೆನ್ನಾಗಿ ಬೆಂದ ಗೆಡ್ಡೆ ತುರಿಸುವುದಿಲ್ಲ, ಅರೆಬೆಂದದ್ದು ತುರಿಸುತ್ತದೆ.

ನಮ್ಮ ಅಡುಗೆಮನೆಗಳಿಗೆ ಇದು ಮೊದಲಿನಿಂದ ಗೊತ್ತಿದೆ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳುತ್ತದೆ, ಮಲೆನಾಡಿನ ಕೆಸುವಿನ ಕರಕಲಿಗೂ ಹುಳಿ ಬೇಕೇ ಬೇಕು. ಹುಳಿ ಮತ್ತು ಶಾಖ ಎರಡೂ ಸೇರಿ ತುರಿಕೆಯನ್ನು ಅಡಗಿಸುತ್ತವೆ. ಆದರೆ ಹಾಲಿನ ಚಹಾಕ್ಕೆ ಹುಳಿ ಹಾಕುವಂತಿಲ್ಲ, ಹಾಲು ಒಡೆಯುತ್ತದೆ. ಅಂದರೆ ಪತ್ರೊಡೆಗಿರುವ ಎರಡು ಕಾವಲುಗಳಲ್ಲಿ ಇಲ್ಲಿ ಒಂದೇ ಉಳಿಯಿತು. ಆದ್ದರಿಂದ ಮಿಲ್ಕ್ ಟೀಗೆ ಗೆಡ್ಡೆಯನ್ನು ಪಲ್ಯಕ್ಕಿಂತಲೂ ಮೆತ್ತಗೆ ಬೇಯಿಸಬೇಕು.

ಇನ್ನೊಂದು ಎಚ್ಚರಿಕೆ. ಹಳ್ಳದ ಬದಿಯಲ್ಲಿ ತಾನಾಗಿ ಬೆಳೆದ ಕಾಡುಕೆಸು, ಅಂದಕ್ಕೆ ಕುಂಡದಲ್ಲಿ ಬೆಳೆಸುವ ದೊಡ್ಡೆಲೆಯ ಗಿಡಗಳು ನೋಡಲು ಕೆಸುವಿನಂತೆಯೇ ಇರುತ್ತವೆ. ಅವುಗಳ ಗೆಡ್ಡೆ ಬೇಡ. ಕಾಡುಗೆಣಸುಗಳಲ್ಲಿಯೂ ಕೆಲವು ವಿಷಕಾರಿ. ತಿನ್ನುವ ಗೆಡ್ಡೆ ಎಂದು ಮಾರುವುದನ್ನು ಮಾತ್ರ ತನ್ನಿ.

ಬಾಯಿ ತುರಿಸಿದರೆ ಏನು ಮಾಡಬೇಕು?

ಕುಡಿಯುವುದನ್ನು ತಕ್ಷಣ ನಿಲ್ಲಿಸಿ, ಬಾಯಿ ಮುಕ್ಕಳಿಸಿ ಉಗಿಯಿರಿ. ತಣ್ಣನೆಯ ಹಾಲು ಅಥವಾ ನೀರನ್ನು ಗುಟುಕು ಗುಟುಕಾಗಿ ಕುಡಿಯಬಹುದು. ಬಲವಂತವಾಗಿ ವಾಂತಿ ಮಾಡಿಸಬೇಡಿ. ಚುಚ್ಚಿದ ಗಂಟಲಿಗೆ ಅದು ಎರಡನೇ ಪೆಟ್ಟು. ಹೆಚ್ಚಿನ ಸಂದರ್ಭಗಳಲ್ಲಿ ಉರಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ನಾಲಿಗೆ ಅಥವಾ ತುಟಿ ಊದಿಕೊಂಡರೆ, ಧ್ವನಿ ಬದಲಾದರೆ, ಜೊಲ್ಲು ನುಂಗಲಾಗದೆ ಸುರಿದರೆ, ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಮಾಡುವ ವಿಧಾನ

ಇದು ಎರಡು ದೊಡ್ಡ ಲೋಟಗಳಿಗೆ ಸಾಲುವ ಅಳತೆ.

ಮೊದಲ ಹಂತ, ಗೆಡ್ಡೆ. ಸುಮಾರು 150 ಗ್ರಾಂ ಕೆಸುವಿನ ಗೆಡ್ಡೆ ತೆಗೆದುಕೊಳ್ಳಿ. ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಸಹಿತ ನೀರಿನಲ್ಲಿ ಬೇಯಿಸಿ. ತೆರೆದ ಪಾತ್ರೆಯಲ್ಲಾದರೆ 25ರಿಂದ 30 ನಿಮಿಷ, ಕುಕ್ಕರಿನಲ್ಲಾದರೆ 4 ಸೀಟಿ. ಚಾಕು ತುದಿ ತಡೆಯಿಲ್ಲದೆ ಒಳಗಿಳಿಯಬೇಕು, ಬೆರಳಲ್ಲಿ ಅದುಮಿದರೆ ಬೆಣ್ಣೆಯಂತೆ ಮಸಿಯಬೇಕು. ಬೇಯಿಸಿದ ನೀರನ್ನು ಚೆಲ್ಲಿ. ನೀರಿನಲ್ಲಿ ಕರಗುವ ಆಕ್ಸಲೇಟ್ ಒಂದಷ್ಟು ಅದರೊಂದಿಗೆ ಹೋಗುತ್ತದೆ. ಬೆಂದ ಮೇಲೆ ಸಿಪ್ಪೆ ಸುಲಿದರೆ ಕೈಯೂ ತುರಿಸುವುದಿಲ್ಲ. ಹಸಿಯಾಗಿಯೇ ಸುಲಿಯಬೇಕಾದರೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಒಂದು ಚೂರನ್ನು ಬಾಯಿಗೆ ಹಾಕಿ ಒಂದೆರಡು ನಿಮಿಷ ಕಾಯಿರಿ. ನಾಲಿಗೆ ಚುರುಗುಟ್ಟಿದರೆ ಇನ್ನೂ 10 ನಿಮಿಷ ಬೇಯಿಸಿ. ಈ ಪರೀಕ್ಷೆ ದೊಡ್ಡವರು ಮಾಡಲಿ.

ಎರಡನೇ ಹಂತ, ಅರೆಯುವುದು. ಗೆಡ್ಡೆ ಬಿಸಿಯಿರುವಾಗಲೇ 4 ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ಲೋಟ ಬೆಚ್ಚಗಿನ ಹಾಲು ಸೇರಿಸಿ ನುಣ್ಣಗೆ ಅರೆಯಿರಿ. ತಣ್ಣಗಾದ ಮೇಲೆ ಅರೆದರೆ ಗಂಟುಗಂಟಾಗುತ್ತದೆ. ಬೇಕಿದ್ದರೆ ಒಮ್ಮೆ ಜರಡಿ ಹಿಡಿಯಿರಿ. ಬೆಲ್ಲ ಹಾಕುವವರು ಹಾಲು ಪೂರ್ತಿ ಆರಿದ ಮೇಲೆ ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವುದುಂಟು.

ಮೂರನೇ ಹಂತ, ಬಣ್ಣ. ಬೂದು ಬಣ್ಣ ಸಾಕು ಎನ್ನುವವರು ಇದನ್ನು ಬಿಟ್ಟುಬಿಡಬಹುದು, ರುಚಿಗೇನೂ ಕೊರತೆಯಿಲ್ಲ. ನೇರಳೆಯೇ ಬೇಕೆಂದರೆ ಹಬೆಯಲ್ಲಿ ಬೇಯಿಸಿದ ನೇರಳೆ ಸಿಹಿಗೆಣಸು ಅಥವಾ ನೇರಳೆ ತೂಣಗೆಣಸನ್ನು 2ರಿಂದ 3 ದೊಡ್ಡ ಚಮಚದಷ್ಟು ಸೇರಿಸಿ ಅರೆಯಿರಿ. ಕೆಸುವು ಇಲ್ಲದೆ ಇವುಗಳಲ್ಲೊಂದರಿಂದಲೇ ಪೂರ್ತಿ ಪಾನೀಯ ಮಾಡಬಹುದು. ಇವನ್ನು ಸಿಪ್ಪೆ ಸಹಿತ ಹಬೆಯಲ್ಲಿ ಬೇಯಿಸುವುದಕ್ಕೆ ಕಾರಣವಿದೆ: ನೇರಳೆ ಬಣ್ಣ ನೀರಿನಲ್ಲಿ ಕರಗುವಂಥದ್ದು. ಸುಲಿದು ನೀರಿನಲ್ಲಿ ಕುದಿಸಿದರೆ ಬಣ್ಣ ನೀರು ಪಾಲು.

ನಾಲ್ಕನೇ ಹಂತ, ಚಹಾ. ಒಂದು ಲೋಟ ನೀರು ಕುದಿಸಿ ಒಲೆ ಆರಿಸಿ, 2 ಟೀ ಚಮಚ ಚಹಾ ಎಲೆ ಹಾಕಿ 4 ನಿಮಿಷ ಮುಚ್ಚಿಟ್ಟು ಸೋಸಿ. ನಾವು ದಿನವೂ ಕುದಿಸುವ ಕಡಕ್ ಚಹಾಪುಡಿ ಇಲ್ಲಿ ಹೊಂದುವುದಿಲ್ಲ. ಅದರ ಕೆಂಗಂದು ಬಣ್ಣ ನೇರಳೆಯೊಂದಿಗೆ ಬೆರೆತು ಕೆಸರು ಬಣ್ಣವಾಗುತ್ತದೆ. ಬಣ್ಣ ಉಳಿಯಬೇಕೆಂದರೆ ಹಸಿರು ಚಹಾ ಅಥವಾ ಮಲ್ಲಿಗೆಯ ಪರಿಮಳದ ಚಹಾ ಒಳ್ಳೆಯದು.

ಕೊನೆಯ ಹಂತ, ಜೋಡಣೆ. ಲೋಟದ ತಳಕ್ಕೆ ಅರೆದ ಗೆಡ್ಡೆ, ಮೇಲೆ ಮಂಜುಗಡ್ಡೆ, ಅರ್ಧ ಲೋಟ ಕಾಯಿಸಿ ಆರಿಸಿದ ಹಾಲು, ಕೊನೆಗೆ ಆರಿದ ಚಹಾ. ಕಲಕಿ ಕುಡಿಯಿರಿ. ಮಕ್ಕಳಿಗಾದರೆ ಚಹಾ ಬಿಟ್ಟು ಬರೀ ಗೆಡ್ಡೆ ಹಾಲು ಸಾಕು.

ಅರೆದ ಗೆಡ್ಡೆಯನ್ನು ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಹಾಲು ಬೆರೆತಿರುವುದರಿಂದ ಬೇಗ ಹುಳಿಯಾಗುತ್ತದೆ.

ನೇರಳೆ ಇದ್ದದ್ದು ನೀಲಿಯಾಯಿತು, ಹಸಿರಾಯಿತು. ಕೆಟ್ಟಿತೇ?

ಕೆಟ್ಟಿಲ್ಲ. ಈ ಗೆಣಸುಗಳ ಬಣ್ಣಕ್ಕೆ ಕಾರಣ ಆಂಥೋಸಯನಿನ್ ಎಂಬ ಗುಂಪಿನ ವಸ್ತುಗಳು. ನೇರಳೆ ಹಣ್ಣು, ಕಪ್ಪು ದ್ರಾಕ್ಷಿ, ನೇರಳೆ ಎಲೆಕೋಸಿನಲ್ಲಿ ಇರುವುದೂ ಇವೇ. ಇವು ಹುಳಿಯಲ್ಲಿ ಗುಲಾಬಿ ಕೆಂಪಿಗೆ, ಕ್ಷಾರದಲ್ಲಿ ನೀಲಿಗೆ, ಕ್ಷಾರ ಹೆಚ್ಚಾದರೆ ಹಸಿರಿಗೆ ತಿರುಗುತ್ತವೆ. ‘ಬೇಗ ಬೇಯಲಿ’ ಎಂದು ಅಡುಗೆ ಸೋಡಾ ಹಾಕಿದರೆ ಗೆಣಸು ನೀಲಿಯಾಗುವುದು ಇದರಿಂದಲೇ. ಬೋರ್‌ವೆಲ್‌ನ ಗಡಸು ನೀರು ಕುದಿದಾಗ ತುಸು ಕ್ಷಾರವಾಗುವುದರಿಂದ ಅಲ್ಲೂ ಬಣ್ಣ ನೀಲಿಯತ್ತ ವಾಲಬಹುದು. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೂ ಬಣ್ಣ ಮಂಕಾಗುತ್ತದೆ. ಚಹಾದ ಒಗರು ಅಂಶ ಕಬ್ಬಿಣದೊಂದಿಗೆ ಸೇರಿದರೆ ಕಪ್ಪಾಗುತ್ತದೆ. ಸ್ಟೀಲ್ ಪಾತ್ರೆ ಬಳಸಿ.

ಇದೇ ಗುಣವನ್ನು ಬಳಸಿ ಅಂಗಡಿಯಿಂದ ತಂದ ನೇರಳೆ ಪುಡಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪುಡಿಯನ್ನು ಹಾಲಿನಲ್ಲಲ್ಲ, ನೀರಿನಲ್ಲಿ ಕಲಸಿ ಮೂರು ಬಟ್ಟಲಿಗೆ ಹಂಚಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ನಿಂಬೆರಸ, ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಒಂದು ಗುಲಾಬಿಯತ್ತ, ಇನ್ನೊಂದು ನೀಲಿ ಹಸಿರಿನತ್ತ ಹೊರಳಿದರೆ ಬಣ್ಣ ಗೆಣಸು ಹಣ್ಣುಗಳಂಥ ಸಸ್ಯದ್ದು. ಮೂರೂ ಒಂದೇ ಬಣ್ಣದಲ್ಲಿ ಉಳಿದರೆ ಕೃತಕ ಬಣ್ಣ ಇರುವ ಸಾಧ್ಯತೆ ಹೆಚ್ಚು.

‘ಸಾಧ್ಯತೆ’ ಎಂದದ್ದಕ್ಕೆ ಕಾರಣವಿದೆ. ಬೀಟ್‌ರೂಟಿನ ಬಣ್ಣ ಸಹಜವೇ ಆದರೂ ನಿಂಬೆಗೆ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಇದು ಸುಳಿವು ಮಾತ್ರ, ತೀರ್ಪಲ್ಲ. ಈ ಪರೀಕ್ಷೆ ಮಾಡಿದ ವಿಡಿಯೊವನ್ನೇ ಸಾಕ್ಷಿಯಾಗಿಟ್ಟುಕೊಂಡು ಯಾವುದೋ ಅಂಗಡಿಯ ಹೆಸರು ಹಾಕಿ ಹಂಚುವುದು ಸರಿಯಲ್ಲ. ಅನುಮಾನವಿದ್ದರೆ ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಬಹುದು, ಪ್ರಯೋಗಾಲಯ ತೀರ್ಮಾನಿಸುತ್ತದೆ.

ಕೃತಕ ಬಣ್ಣವೆಲ್ಲ ವಿಷವೇ?

ಎಲ್ಲವೂ ಅಲ್ಲ. ಭಾರತದಲ್ಲಿ ಕೆಲವೇ ಕೃತಕ ಬಣ್ಣಗಳಿಗೆ, ನಿಗದಿಯಾದ ಆಹಾರಗಳಲ್ಲಿ, ನಿಗದಿಯಾದ ಮಿತಿಯೊಳಗೆ ಅನುಮತಿ ಇದೆ. ನೇರಳೆ ಬರಿಸಲು ಸಾಮಾನ್ಯವಾಗಿ ಒಂದು ನೀಲಿ, ಒಂದು ಕೆಂಪು ಸೇರಿಸುತ್ತಾರೆ. ಪೊಟ್ಟಣದ ಮೇಲೆ 133 ಎಂದಿದ್ದರೆ ಅದು ಬ್ರಿಲಿಯಂಟ್ ಬ್ಲೂ. 122 ಕಾರ್ಮೊಯ್ಸಿನ್, 124 ಪಾನ್ಸೊ 4ಆರ್, 127 ಎರಿತ್ರೋಸಿನ್. ಈ ಸಂಖ್ಯೆ ಕಂಡರೆ ಅದು ಗೆಡ್ಡೆಯ ಬಣ್ಣವಲ್ಲ ಎಂದು ತಿಳಿಯಿರಿ. ವಿಷ ಎಂದು ಓದಿಕೊಳ್ಳಬೇಕಿಲ್ಲ.

ನಿಜವಾದ ಅಪಾಯ ಬಟ್ಟೆ ಮತ್ತು ಕಾರ್ಖಾನೆಗಳ ಬಣ್ಣವನ್ನು ಆಹಾರಕ್ಕೆ ಸುರಿದಾಗ. ರೋಡಮೈನ್ ಬಿ ಅಂಥದ್ದು. ಇದು ಪತ್ತೆಯಾದ ಮೇಲೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ, ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ ನಿಷೇಧಿಸಿತು. ಪೊಟ್ಟಣವೇ ಇಲ್ಲದ, ಹೆಸರು ದಿನಾಂಕವಿಲ್ಲದ ಬಿಡಿ ನೇರಳೆ ಪುಡಿಯನ್ನು ಕೊಳ್ಳಬೇಡಿ ಎನ್ನುವುದು ಇದಕ್ಕೇ.

ಪುಡಿಯಲ್ಲಿ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಕ್ರೀಮರ್. ಇದು ಹಾಲಲ್ಲ, ಎಣ್ಣೆ ಮತ್ತು ಸಕ್ಕರೆ ಅಂಶದ ಪುಡಿ. ಅರೆಬರೆ ಹೈಡ್ರೋಜನೀಕರಿಸಿದ ಎಣ್ಣೆಯಾದರೆ ಅದರಲ್ಲಿ ಹೃದಯಕ್ಕೆ ಒಳ್ಳೆಯದಲ್ಲದ ಟ್ರಾನ್ಸ್ ಕೊಬ್ಬು ಇರುತ್ತದೆ. 2022ರ ಜನವರಿಯಿಂದ ಭಾರತದಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬಿನ ಮಿತಿ ಶೇ 2. ಮನೆಯಲ್ಲಿ ಹಾಲು ಬಳಸಿದರೆ ಈ ಚಿಂತೆಯೇ ಇಲ್ಲ.

ಗುಂಡುಗಳು ಪ್ಲಾಸ್ಟಿಕ್ಕೇ? ಸಬ್ಬಕ್ಕಿ ಹಾಕಬಹುದೇ?

ಗುಂಡುಗಳು ಪ್ಲಾಸ್ಟಿಕ್ ಅಲ್ಲ. ಅವು ಮರಗೆಣಸಿನ ಪಿಷ್ಟದಿಂದ ಮಾಡಿದವು. ನಮ್ಮ ಸಬ್ಬಕ್ಕಿಯ ಮೂಲವೂ ಅದೇ. 1980ರ ದಶಕದಲ್ಲಿ ತೈವಾನಿನಲ್ಲಿ ಈ ಗುಂಡುಗಳನ್ನು ತಣ್ಣನೆಯ ಹಾಲಿನ ಚಹಾಕ್ಕೆ ಹಾಕುವ ರೂಢಿ ಶುರುವಾಯಿತು. ಮೊದಲು ಹಾಕಿದವರು ತಾವೇ ಎಂದು ತೈಚುಂಗ್ ಮತ್ತು ತೈನಾನ್ ನಗರಗಳ ಎರಡು ಚಹಾ ಅಂಗಡಿಗಳು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದವು. ಯಾರು ಬೇಕಾದರೂ ಮಾಡಬಹುದಾದ ಪಾನೀಯವಿದು ಎಂಬಲ್ಲಿಗೆ 2019ರಲ್ಲಿ ಆ ಜಗಳ ಮುಗಿಯಿತು.

ರಬ್ಬರಿನಂತೆ ಪುಟಿಯುವುದು ಪಿಷ್ಟದ ಗುಣ. ಬೆಂದ ಪಿಷ್ಟ ನೀರು ಹೀರಿ ಅಂಟಾಗಿ, ಆರಿದಾಗ ಬಿಗಿಯಾಗುತ್ತದೆ. ಅಗಿದು ತಿಂದರೆ ಅನ್ನದ ಪಿಷ್ಟದಂತೆಯೇ ಜೀರ್ಣವಾಗುತ್ತದೆ.

ದಪ್ಪ ಸಬ್ಬಕ್ಕಿಯನ್ನು ಧಾರಾಳವಾಗಿ ಬಳಸಬಹುದು. ಕುದಿಯುವ ನೀರಿಗೆ ಹಾಕಿ, ನಡುವಿನ ಬಿಳಿ ಚುಕ್ಕೆ ಮಾಯವಾಗುವವರೆಗೆ 15ರಿಂದ 20 ನಿಮಿಷ ಬೇಯಿಸಿ, 10 ನಿಮಿಷ ಮುಚ್ಚಿಡಿ. ತಣ್ಣೀರಿನಲ್ಲಿ ತೊಳೆದು ಬೆಲ್ಲದ ಪಾಕದಲ್ಲಿ ಹಾಕಿಡಿ. ಒಂದೆರಡು ಗಂಟೆಯೊಳಗೆ ಮುಗಿಸಿ. ಫ್ರಿಜ್‌ನಲ್ಲಿಟ್ಟರೆ ಕಲ್ಲಾಗುತ್ತದೆ. ಹಸಿ ಮರಗೆಣಸನ್ನು ತುರಿದು ಗುಂಡು ಕಟ್ಟುವ ಪ್ರಯೋಗ ಬೇಡ. ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅಂಗಡಿಯ ಪಿಷ್ಟ, ಸಬ್ಬಕ್ಕಿ ಸಂಸ್ಕರಿಸಿದವು.

ಪ್ಲಾಸ್ಟಿಕ್ ಎಂಬ ಭಯ ಸುಳ್ಳಾದರೂ ಗುಂಡುಗಳಲ್ಲಿ ಇನ್ನೊಂದು ಅಪಾಯ ನಿಜ. ದಪ್ಪ ಸ್ಟ್ರಾದಲ್ಲಿ ಜೋರಾಗಿ ಎಳೆದಾಗ ಗುಂಡು ನೇರ ಗಂಟಲಿಗೆ ನುಗ್ಗಿ ಉಸಿರುನಾಳಕ್ಕೆ ಹೋಗಬಹುದು. ಪುಟ್ಟ ಮಕ್ಕಳ ವಿಷಯದಲ್ಲಿ ಜರ್ಮನಿಯ ಆಹಾರ ಅಪಾಯ ಅಂದಾಜು ಸಂಸ್ಥೆ 2012ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಪುಟಾಣಿಗಳಿಗೆ ಗುಂಡು ಹಾಕಲೇಬೇಡಿ. ದೊಡ್ಡ ಮಕ್ಕಳಿಗೆ ಸ್ಟ್ರಾ ಬದಲು ಚಮಚ ಕೊಡಿ.

ನೇರಳೆ ಬಣ್ಣದಿಂದ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣವಾಗುತ್ತದೆಯೇ?

ಇಲ್ಲ. ಆಂಥೋಸಯನಿನ್‌ಗಳ ಮೇಲೆ ಪ್ರಯೋಗಾಲಯಗಳಲ್ಲಿ ಬಹಳ ಅಧ್ಯಯನ ನಡೆದಿದೆ. ಗಾಜಿನ ತಟ್ಟೆಯಲ್ಲಿರುವ ಜೀವಕೋಶಗಳ ಮೇಲೆ ಕಂಡ ಫಲ ಮನುಷ್ಯನ ದೇಹದಲ್ಲೂ ಹಾಗೇ ಕಾಣುತ್ತದೆ ಎನ್ನಲಾಗದು. ನಾವು ತಿಂದ ಈ ಬಣ್ಣದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಬಣ್ಣಬಣ್ಣದ ತರಕಾರಿ ಹಣ್ಣು ತಿನ್ನುವುದು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಲೋಟ ಪಾನೀಯ ಚಿಕಿತ್ಸೆಯಲ್ಲ. ‘ಇದನ್ನು ಕುಡಿದು ಮಾತ್ರೆ ಬಿಡಿ’ ಎನ್ನುವ ಸಂದೇಶವನ್ನು ನಂಬಿ ಮಧುಮೇಹದ ಔಷಧ ನಿಲ್ಲಿಸಿದರೆ ಆಪತ್ತು ಖಚಿತ.

ಮಧುಮೇಹಿಗಳು ಲೆಕ್ಕ ಹಾಕಬೇಕಾದ್ದು ಬೇರೆಯೇ. ಬೆಂದ ಕೆಸುವಿನ ಗೆಡ್ಡೆ 100 ಗ್ರಾಂನಲ್ಲಿ ಸುಮಾರು 35 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಅಂದರೆ ಇದು ಅನ್ನದ ಬದಲಿಗೆ ಲೆಕ್ಕವಾಗಬೇಕೇ ಹೊರತು ಊಟದ ಮೇಲಿನ ಪಾನೀಯವಲ್ಲ. ಅದರ ಮೇಲೆ ಸಕ್ಕರೆ, ಗುಂಡುಗಳ ಪಿಷ್ಟ, ಪಾಕ. ಬಿಡಿಯಾಗಿ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಉತ್ತಮ. ಇದು ದಿನಕ್ಕೆ 2,000 ಕ್ಯಾಲೊರಿ ಆಹಾರ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ 2 ಚಮಚ, ಅಂದರೆ 8 ಗ್ರಾಂ. ಅದೇ 2 ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಸುರಿದರೆ 20 ಗ್ರಾಂ ದಾಟುತ್ತದೆ.

ಯಾರು ಎಚ್ಚರಿಕೆಯಿಂದಿರಬೇಕು?

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆದವರು ವೈದ್ಯರನ್ನು ಕೇಳಿ ಕುಡಿಯಿರಿ. ಕೆಸುವಿನಲ್ಲೂ ಆಕ್ಸಲೇಟ್, ಚಹಾದಲ್ಲೂ ಆಕ್ಸಲೇಟ್. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಒಂದಷ್ಟನ್ನು ಹೊರಗೆ ಕಳಿಸುತ್ತದೆ. ಹಾಗಾಗಿ ಹಾಲಿಲ್ಲದ ಕ್ರೀಮರಿಗಿಂತ ಹಾಲೇ ಮೇಲು. ಆದರೆ ಅದು ಪೂರ್ತಿ ರಕ್ಷಣೆಯಲ್ಲ.

ರಕ್ತಹೀನತೆ ಇರುವವರು ಊಟದ ಜೊತೆಗೆ ಚಹಾ ಕುಡಿಯಬಾರದು. ಚಹಾದ ಒಗರು ಅಂಶ ಸೊಪ್ಪು ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಇದು ಹೆಚ್ಚಿನ ಮನೆಗಳಿಗೆ ಸಂಬಂಧಿಸಿದ ಮಾತು. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಟಾರೊ ಎಂದರೆ ಕೆಸುವಿನ ಗೆಡ್ಡೆ, ನಿಜ. ಹಸಿಯಾಗಿ ರುಬ್ಬಿ ಕುಡಿಯಬಾರದು. ಬೆಣ್ಣೆಯಂತೆ ಬೆಂದಿರಬೇಕು.

• ಕೆಸುವಿನ ಸಹಜ ಬಣ್ಣ ಬೂದು ಬಿಳಿ. ಗಾಢ ನೇರಳೆ ಬೇರೆ ಗೆಣಸಿನದ್ದು ಅಥವಾ ಬೆರೆಸಿದ ಬಣ್ಣದ್ದು.

• ನಿಂಬೆ ಮತ್ತು ಸೋಡಾ ಪರೀಕ್ಷೆ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

• ಗುಂಡುಗಳು ಪ್ಲಾಸ್ಟಿಕ್ ಅಲ್ಲ, ಮರಗೆಣಸಿನ ಪಿಷ್ಟ. ಆದರೆ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು.

• ಇದು ರುಚಿಗೆ ಕುಡಿಯುವ ಸಿಹಿ ಪಾನೀಯ. ಯಾವ ಕಾಯಿಲೆಗೂ ಮದ್ದಲ್ಲ.